ದೂರು: ನನ್ನ ಕಾರಿನ ಮೊದಲ ಎರಡು ತಪಾಸಣೆ ವರದಿ ಎಲ್ಲಿ?

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ನಿಮ್ಮಿಂದ ಕೊಂಡ ಹಳೇ ಕಾರಿನ ಬಗ್ಗೆ ನಿಮ್ಮ ಆ್ಯಪ್‌ನಲ್ಲಿ ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಯಾರೂ ಫೋನ್ ಮಾಡಲಿಲ್ಲ, ಆದರೆ ಎರಡೇ ದಿನಕ್ಕೆ 'ನಿಮ್ಮ ಸಮಸ್ಯೆ ಬಗೆಹರಿದಿದೆ' ಅಂತ ಮೆಸೇಜ್ ಬಂತು. ಬಗೆಹರಿದಿದ್ದು ನನಗೆ ಗೊತ್ತಾಗಲಿಲ್ಲ. ಅದಕ್ಕೇ ಈ ಪತ್ರ, ಅಂಚೆಯಲ್ಲೂ ಒಂದು ಪ್ರತಿ ಕಳಿಸಿದ್ದೇನೆ.

2025ರ ಮೇ ತಿಂಗಳಲ್ಲಿ ನಿಮ್ಮ ಬೆಂಗಳೂರಿನ ಯಾರ್ಡ್‌ನಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. 2019ರ ಮಾಡೆಲ್, ಪೆಟ್ರೋಲ್, ಕೆಎ 53 ನಂಬರ್, ಸಿಂಗಲ್ ಓನರ್, ಮೀಟರ್‌ನಲ್ಲಿ 51 ಸಾವಿರ ಚಿಲ್ಲರೆ ಕಿಲೋಮೀಟರ್. ಕೊಟ್ಟಿದ್ದು 4,65,000 ರೂಪಾಯಿ. ಕಾರು ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಡ, ಪಾಪ ಅವರದ್ದೇನೂ ತಪ್ಪಿಲ್ಲ. ನಾನು ತುಮಕೂರಿನವನು, ದಿನಾ ಗುಬ್ಬಿ ಕಡೆಗೆ ಶಾಲೆಗೆ ಹೋಗಿ ಬರಬೇಕು, ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ಕೊನೆಗೂ ಸಾಲ ಮಾಡಿ ತಗೊಂಡ ಕಾರು ಇದು. ನಿಮ್ಮ ತಪಾಸಣೆ ವರದಿ ನೋಡಿಯೇ ತಗೊಂಡೆ. ಹತ್ತಾರು ಪುಟ, ಎಲ್ಲದರ ಪಕ್ಕ ಹಸಿರು ಟಿಕ್, 'ಫ್ಲಡ್ ಡ್ಯಾಮೇಜ್' (ನೆರೆ ನೀರಿನಿಂದ ಹಾನಿ) ಅನ್ನುವ ಸಾಲಿನ ಮುಂದೆ 'ಇಲ್ಲ'.

ಐದು ದಿನದೊಳಗೆ ವಾಪಸ್ ಕೊಡಬಹುದು ಅಂದಿದ್ದಿರಿ. ಆ ಐದು ದಿನ ಮಳೆ ಬರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮೊದಲನೇ ಜೋರು ಮಳೆಯ ಮಾರನೇ ದಿನ ಬೆಳಿಗ್ಗೆ ಡೋರ್ ತೆಗೆದರೆ ಒಳಗೆಲ್ಲ ಒದ್ದೆ ಗೋಣಿಚೀಲದ ವಾಸನೆ. ಕಿಟಕಿ ತೆಗೆದಿಟ್ಟು ಒಣಗಿಸಿದೆ. ಮೂರು ದಿನದ ಮೇಲೆ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡಿತು, ಹತ್ತಿದ್ದು ಆರಲೇ ಇಲ್ಲ. ಆಮೇಲೆ ಎಡಗಡೆ ಪವರ್ ವಿಂಡೋ ಸುಮ್ನೆ ತಾನೇ ಅರ್ಧ ಇಳಿದು ನಿಲ್ಲೋಕೆ ಶುರುವಾಯಿತು. ನಿಮ್ಮ ಹುಡುಗ ಫೋನಿನಲ್ಲಿ 'ಸರ್, ಹಳೇ ಗಾಡಿ ಅಂದ್ಮೇಲೆ ಸಣ್ಣಪುಟ್ಟದು ಇದ್ದೇ ಇರುತ್ತೆ' ಅಂದ. ಆಗಲಿ ಅಂತ ಗುಬ್ಬಿ ಗೇಟ್ ಹತ್ತಿರದ ಗ್ಯಾರೇಜಿಗೆ ತಗೊಂಡು ಹೋದೆ.

ಅಲ್ಲಿಯ ಮೆಕ್ಯಾನಿಕ್ ಬಾನೆಟ್ ಮುಟ್ಟಲೇ ಇಲ್ಲ. ಒಳಗೆ ಕೂತು ಡ್ರೈವರ್ ಸೀಟ್ ಬೆಲ್ಟನ್ನು ನಿಧಾನಕ್ಕೆ ಎಳೀತಾ ಹೋದರು. ನಾವು ಹಾಕಿಕೊಳ್ಳುವಾಗ ಎಳೆಯುವಷ್ಟಲ್ಲ, ಕೊನೆತನಕ. ಮೊದಲ ಮುಕ್ಕಾಲು ಭಾಗ ಹೊಸದರ ಹಾಗಿತ್ತು. ಕೊನೇ ಒಂದು ಗೇಣು ಮಾತ್ರ ಕಂದು ಬಣ್ಣ, ಟೀ ಚೆಲ್ಲಿ ಒಣಗಿದ ಪಂಚೆ ಥರ, ಅಂಚಿನಲ್ಲಿ ಗೆರೆ ಎಳೆದ ಹಾಗೆ ಕೆಸರಿನ ಗುರುತು. 'ಸಾರ್, ಇದು ನೀರಲ್ಲಿ ನಿಂತಿದ್ದ ಗಾಡಿ' ಅಂದರು. ಆಮೇಲೆ ಡಿಕ್ಕಿಯಿಂದ ಸ್ಟೆಪ್ನಿ ಎತ್ತಿದರು, ಅದರ ಗುಂಡಿಯ ಮೂಲೆಯಲ್ಲಿ ಉಗುರಿನಿಂದ ಕೆರೆದರೆ ನುಣ್ಣನೆ ಮಣ್ಣು ಬಂತು. ಸೀಟಿನ ಕೆಳಗೆ ವೈರುಗಳನ್ನು ಜೋಡಿಸುವ ಕಪ್ಲರ್ ಬಿಚ್ಚಿದಾಗ ಪಿನ್‌ಗಳೆಲ್ಲ ಹಸಿರು, ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನ ಕಿಲುಬು ನೆನಪಾಯಿತು. ಫೋಟೋ ಎಲ್ಲ ಈ ಪತ್ರದ ಜೊತೆ ಇಟ್ಟಿದ್ದೇನೆ. ಹತ್ತು ನಿಮಿಷದ ಕೆಲಸ ಇದು. ನಿಮ್ಮ ತಪಾಸಣೆ ಮಾಡಿದವರು ಸೀಟ್ ಬೆಲ್ಟ್ ಎದುರಿಗೂ ಹಸಿರು ಟಿಕ್ ಹಾಕಿದ್ದಾರೆ.

ಆರ್‌ಸಿ ಈಗ ನನ್ನ ಹೆಸರಿಗೇ ಇದೆಯಲ್ಲ, ಅದನ್ನು ಹಿಡಿದುಕೊಂಡು ಕಾರು ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದೆ. ಚಾಸಿಸ್ ನಂಬರ್ ಹಾಕಿದ ತಕ್ಷಣ ಹಳೇ ಸರ್ವಿಸ್ ಎಲ್ಲ ಸ್ಕ್ರೀನ್ ಮೇಲೆ ಬಂತು. 2022ರ ಸೆಪ್ಟೆಂಬರ್ ಎರಡನೇ ವಾರ: ಟೋ ಮಾಡಿ ತಂದದ್ದು, ಒಳಗೆ ನೀರು, ಕಾರ್ಪೆಟ್ ತೆಗೆದು ಒಣಗಿಸಿದ್ದು, ವೈರಿಂಗ್ ಸ್ವಲ್ಪ ಬದಲಾಯಿಸಿದ್ದು, ಬಿಲ್ ಇನ್ಶೂರೆನ್ಸ್‌ಗೆ. ಆ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ಏನಾಯಿತು ಅಂತ ನಿಮಗೆ ಹೇಳಬೇಕಾ? ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನು ಟಿವಿಯಲ್ಲಿ ನಾವು ಇಲ್ಲಿ ಕೂತು ನೋಡಿದ್ದೆವು. ಅದರಲ್ಲೊಂದು ನನ್ನ ಮನೆ ಮುಂದೆ ಬಂದು ನಿಲ್ಲುತ್ತೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ನೀವು ಕೊಟ್ಟ ಫೈಲಿನಲ್ಲೇ ಹಳೇ ಇನ್ಶೂರೆನ್ಸ್ ಪಾಲಿಸಿ ಇತ್ತು, 2025ರ ಫೆಬ್ರವರಿಯಲ್ಲಿ ರಿನ್ಯೂ ಆದದ್ದು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ, 25%. ಆಗ ಓದಿ ಮಡಚಿಟ್ಟೆ. ನಮ್ಮ ಭಾವ ಎಲ್‌ಐಸಿ ಏಜೆಂಟ್, ಕಾರಿನ ಇನ್ಶೂರೆನ್ಸ್ ಅವರ ಕೆಲಸ ಅಲ್ಲ, ಆದರೂ ನೋಡಿದ ತಕ್ಷಣ ಬೆರಳು ಮಡಚಿ ಲೆಕ್ಕ ಹಾಕಿದರು. ಕ್ಲೇಮ್ ಮಾಡದೇ ಇದ್ದರೆ ಬೋನಸ್ 20, 25, 35, 45, 50 ಅಂತ ಮೇಲೆ ಹೋಗುತ್ತೆ. 2019ರ ಸಿಂಗಲ್ ಓನರ್ ಗಾಡಿಗೆ ಇಷ್ಟೊತ್ತಿಗೆ 50 ಇರಬೇಕು. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತೆ, ಮತ್ತೆ 20ರಿಂದ ಶುರು. 2025ರಲ್ಲಿ 25 ಅಂದರೆ 2024ರಲ್ಲಿ 20, 2023ರಲ್ಲಿ ಸೊನ್ನೆ. ಅಂದರೆ 2022ರ ಫೆಬ್ರವರಿಯಿಂದ 2023ರ ಫೆಬ್ರವರಿ ಒಳಗೆ ಕ್ಲೇಮ್ ಆಗಿದೆ. ಸರ್ವಿಸ್ ಸೆಂಟರ್‌ನ ತಾರೀಖಿಗೆ ಸರಿಯಾಗಿ ಕೂರುತ್ತೆ. ನಮ್ಮ ಭಾವನಿಗೆ ಕಂಡದ್ದು ದಿನಕ್ಕೆ ಎಷ್ಟೋ ಗಾಡಿ ನೋಡುವ ನಿಮ್ಮವರ ಕಣ್ಣಿಗೆ ಬೀಳಲಿಲ್ಲ ಅಂದರೆ ನಂಬೋದು ಕಷ್ಟ, ಅಲ್ವಾ?

ಸರ್ಕಾರದವರು ಗಾಡಿಗಳ ದಾಖಲೆ ಇಡುವ ಪರಿವಾಹನ್ ಸೈಟಿನಲ್ಲೂ ಮೊದಲೇ ನೋಡಿದ್ದೆ. ಎಷ್ಟನೇ ಓನರ್, ಲೋನ್ ಇದೆಯಾ, ಇನ್ಶೂರೆನ್ಸ್ ಮತ್ತು ಎಮಿಷನ್ ಯಾವಾಗಿನವರೆಗೆ, ಎಲ್ಲ ಸರಿ ಇತ್ತು. ನೀರಿನ ವಿಷಯ ಅಲ್ಲಿ ಬರೋದಿಲ್ಲ. ಯೆಲ್ಲೋ ಬೋರ್ಡ್ ಗಾಡಿಯಾದರೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ನಮ್ಮಂಥವರ ಸ್ವಂತ ಕಾರಿಗೆ 15 ವರ್ಷದವರೆಗೆ ಎಮಿಷನ್ ಟೆಸ್ಟ್ ಬಿಟ್ಟರೆ ಸರ್ಕಾರದವರು ಯಾರೂ ಮುಟ್ಟಿ ನೋಡಲ್ಲ. ಹಾಗಾಗಿ ಹಳೇ ಓನರ್ ಬಿಟ್ಟರೆ ಒಂದು ಕಾರಿನ ಹಿಂದಿನ ಕಥೆ ಗೊತ್ತಿರೋದು ಸರ್ವಿಸ್ ಸೆಂಟರ್‌ಗೆ, ಇನ್ಶೂರೆನ್ಸ್‌ನವರಿಗೆ, ಮತ್ತೆ ಅದನ್ನು ಬಿಚ್ಚಿ ನೋಡಿ ಕೊಂಡುಕೊಂಡ ನಿಮಗೆ. ಮೊದಲಿನ ಇಬ್ಬರಿಗೂ ಕಾರು ನನಗೆ ಮಾರೋದರಲ್ಲಿ ಲಾಭ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ವರದಿಯ ಕೊನೇ ಪುಟದ ಕೆಳಗೆ, ಓದೋಕೂ ಆಗದಷ್ಟು ಸಣ್ಣ ಅಕ್ಷರದಲ್ಲಿ, 'ತಪಾಸಣೆ ಸಂಖ್ಯೆ 3' ಅಂತ ಇದೆ. ಮೂರನೆಯದು ಇದೆ ಅಂದಮೇಲೆ ಒಂದು ಮತ್ತು ಎರಡು ಎಲ್ಲೋ ಇರಲೇಬೇಕು. ಹಳೇ ಓನರ್ ಮನೆಗೆ ಹೋಗಿ ಬೆಲೆ ಕಟ್ಟುವಾಗ ನಿಮ್ಮವರು ಒಂದು ಮಾಡಿರುತ್ತಾರೆ. ಆಗ ಕಡಿಮೆ ಬೆಲೆಗೆ ಹಿಡಿಯಬೇಕಲ್ಲ, ಗೆರೆ ಗೀರೂ ಬಿಡದೆ ಬರೆದಿರುತ್ತೀರಿ. ಯಾರ್ಡ್‌ಗೆ ಬಂದ ಮೇಲೆ ಇನ್ನೊಂದು. ಕ್ಲೀನ್ ಮಾಡಿ, ಕಾರ್ಪೆಟ್‌ಗೆ ಸೆಂಟ್ ಹೊಡೆದು, ಆಮೇಲೆ ಮೂರನೆಯದು. ನನಗೆ ಸಿಕ್ಕಿದ್ದು ಮೂರನೆಯದು ಮಾತ್ರ. ಮೊದಲ ಎರಡು ಕೊಡಿ ಅಂದರೆ ನಿಮ್ಮ ಮೇಡಂ ಒಬ್ಬರು 'ಅದು ಇಂಟರ್ನಲ್ ಡಾಕ್ಯುಮೆಂಟ್ ಸರ್' ಅಂದರು. ಕೊಳ್ಳುವಾಗ ಒಂದು ವರದಿ, ಮಾರುವಾಗ ಇನ್ನೊಂದು ವರದಿ, ಮಧ್ಯದಲ್ಲಿ ಇಂಟರ್ನಲ್! ಹುಡುಗಿ ನೋಡೋಕೆ ಬಂದವರಿಗೆ ತಂಗಿಯನ್ನು ತೋರಿಸಿದ ಹಾಗಾಯಿತು.

2023ರ ಏಪ್ರಿಲ್ 1ರಿಂದ ಬಂದಿರುವ ಕೇಂದ್ರದ ನಿಯಮದ ಪ್ರಕಾರ, ಹಳೇ ಗಾಡಿ ಡೀಲರ್‌ಗಳು ಆರ್‌ಟಿಓ ಕಡೆಯಿಂದ ಅಧಿಕಾರ ಪತ್ರ ತಗೋಬೇಕು, ಗಾಡಿ ಕೈಗೆ ಬಂದಿದ್ದನ್ನು ಫಾರಂ 29ಸಿ ನಲ್ಲಿ ತಿಳಿಸಬೇಕು, ಆಮೇಲೆ ಅದನ್ನು ಯಾರು, ಯಾಕೆ, ಎಷ್ಟು ಓಡಿಸಿದರು ಅಂತ ರಿಜಿಸ್ಟರ್ ಇಡಬೇಕು. ನಿಮ್ಮ ಹತ್ತಿರ ಇದೆ ತಾನೇ? ಅದರ ಪ್ರತಿಯನ್ನೂ ಕೊಡಿ.

ನಾನು ಕೇಳುತ್ತಿರೋದು ಇಷ್ಟು. ಕಾರು ವಾಪಸ್ ತಗೊಂಡು 4,65,000 ರೂಪಾಯಿ, ಆರ್‌ಸಿ ವರ್ಗಾವಣೆಗೆ ನನ್ನಿಂದ ತಗೊಂಡ ದುಡ್ಡು, ಗ್ಯಾರೇಜಿನ ಬಿಲ್ ಕೊಡಿ. ಕಪ್ಲರ್ ಉಜ್ಜಿ ಕೊಡುತ್ತೇವೆ, ಒಂದು ಸರ್ವಿಸ್ ಫ್ರೀ ಕೊಡುತ್ತೇವೆ ಅನ್ನುವ ಮಾತು ಬೇಡ. ಕಿಲುಬು ವೈರಿನ ಒಳಗೆ ಹೋಗಿದೆ, ಇವತ್ತು ಕಿಟಕಿ ಇಳಿಯಿತು, ನಾಳೆ ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚದೇ ಇದ್ದರೆ ಏನು ಮಾಡಲಿ? ನಾನು ನನ್ನ ಮಗಳನ್ನು ಅದರಲ್ಲಿ ಕೂರಿಸೋದು ಬಿಟ್ಟಿದ್ದೇನೆ. ದುಡ್ಡು ಕೊಡೋ ಮೊದಲು ಆ ಎರಡು ವರದಿಗಳನ್ನು ಫೋಟೋ ಸಮೇತ ಕಳಿಸಿ. ಅದರಲ್ಲಿ ನೀರಿನ ಸುದ್ದಿ ನಿಜಕ್ಕೂ ಇಲ್ಲದಿದ್ದರೆ, ನಿಮ್ಮವರಿಗೆ ತಪಾಸಣೆ ಬರೋದಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ, ಮೋಸ ಅನ್ನೋ ಮಾತು ವಾಪಸ್ ತಗೋತೇನೆ.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗುತ್ತೇನೆ. ನಿಮ್ಮ ಒಪ್ಪಂದದಲ್ಲಿ 'ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ' ಅಂತ ಹಾಕಿದ್ದೀರಿ, ಓದಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸ ಇರುವ ಊರಲ್ಲೇ ದೂರು ಹಾಕಬಹುದು ಅಂತ ಇದೆ, ಅದನ್ನೂ ಓದಿದ್ದೇನೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನಿಮ್ಮ ಸೇಲ್ಸ್ ಹುಡುಗ 4,85,000ದಿಂದ ಇಪ್ಪತ್ತು ಸಾವಿರ ಇಳಿಸಿದ್ದೇ ದೊಡ್ಡ ಉಪಕಾರ ಅಂದಿದ್ದ, ಇಳಿಸದಿದ್ದರೂ ಶುಲ್ಕ ಬೀಳುತ್ತಿರಲಿಲ್ಲ.

ಕಾರು ನಮ್ಮ ಮನೆ ಮುಂದೆ ನಿಂತಿದೆ, ಓಡಿಸುತ್ತಿಲ್ಲ. ಯಾರನ್ನಾದರೂ ನೋಡೋಕೆ ಕಳಿಸೋದಾದರೆ ಶಾಲೆ ಬಿಟ್ಟ ಮೇಲೆ, ಸಂಜೆ ಐದರ ನಂತರ ಕಳಿಸಿ. ಬರುವವರಿಗೆ ಡ್ರೈವರ್ ಸೀಟ್ ಬೆಲ್ಟ್ ಕೊನೆತನಕ ಎಳೆಯೋಕೆ ಹೇಳಿ. ನಾವು ಅದನ್ನು ಒರೆಸಿಲ್ಲ.

ಇಂತಿ,
ತುಮಕೂರಿನ ನಿಮ್ಮ ಗ್ರಾಹಕ