ಬೆಲ್‌ಫಾಸ್ಟ್‌ನಿಂದ ಅಪ್ಪಯ್ಯನಿಗೆ

ತೀರ್ಥರೂಪರಾದ ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿದ್ದೇನೆ.

ನಿಮ್ಮ ಪತ್ರ ತಲುಪಿತು. ದೊಡ್ಡಪ್ಪನ ಉತ್ತರಕ್ರಿಯೆ ಸಾಂಗವಾಗಿ ಮುಗಿಯಿತೆಂದು ತಿಳಿದು ಸಮಾಧಾನವಾಯಿತು. ಆದರೆ ನೌಕಾಪಡೆಯದು, ಬ್ಯಾಂಕಿನದು ಎಂದು ಎರಡು ಪಿಂಚಣಿ ಒಬ್ಬರಿಗೇ ಸಿಗುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ದೊಡ್ಡಮ್ಮ ಊಟ ಬಿಟ್ಟು ಕುಳಿತಿದ್ದಾರೆಂದು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಆ ಮಾತು ಸುಳ್ಳೆಂದು ಅವರಿಗೆ ಮೊದಲು ತಿಳಿಸಿ. ಸೇನೆಯಿಂದ ನಿವೃತ್ತರಾಗಿ ಬೇರೆ ನೌಕರಿ ಮಾಡಿದವರ ಪತ್ನಿಗೆ ಎರಡೂ ಕಡೆಯ ಕುಟುಂಬ ಪಿಂಚಣಿ ಪಡೆಯಲು 2012ರ ಸೆಪ್ಟೆಂಬರ್ 24ರಿಂದಲೇ ಅವಕಾಶವಿದೆ. ಎರಡೂ ದೊಡ್ಡಪ್ಪ ಮೈಮುರಿದು ದುಡಿದು ಗಳಿಸಿದ್ದು, ಒಂದನ್ನೂ ಬಿಟ್ಟುಕೊಡಬೇಕಾಗಿಲ್ಲ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಹಾರ್ಲ್ಯಾಂಡ್ ಅಂಡ್ ವುಲ್ಫ್ ಹಡಗುಕಟ್ಟೆಯ ಹಳದಿ ಕ್ರೇನುಗಳು ಕಂಡಾಗಲೆಲ್ಲ ದೊಡ್ಡಪ್ಪನ ನೆನಪಾಗುತ್ತದೆ. ಅವರು ದುಡಿದ ವಿಮಾನವಾಹಕ ಹಡಗು ವಿಕ್ರಾಂತ್ 1961ರ ಮಾರ್ಚ್ 4ರಂದು ನಮ್ಮ ನೌಕಾಪಡೆಗೆ ಸೇರಿದ್ದು ಇದೇ ಊರಿನಲ್ಲಿ. ಇಲ್ಲಿಯವರು ಟೈಟಾನಿಕ್ ಕಟ್ಟಿದ ಊರು ನಮ್ಮದೆಂದು ಹೇಳಿದರೆ ನಾನು ವಿಕ್ರಾಂತ್ ಹೆಸರನ್ನೂ ಹೇಳುತ್ತೇನೆ. 1971ರ ಯುದ್ಧದಲ್ಲಿ ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟಿದ್ದರೂ, ಉಳಿದ ಮೂರರ ಹಬೆಯಲ್ಲೇ ಬಂಗಾಳ ಕೊಲ್ಲಿಯಲ್ಲಿ ಸಾಗಿ, ಡಿಸೆಂಬರ್ 4ರಂದು ಕಾಕ್ಸ್ ಬಜಾರ್ ಮೇಲೆ ದಾಳಿಗೆ ಸೀ ಹಾಕ್ ವಿಮಾನಗಳನ್ನು ಹಾರಿಸಿದ ಹಡಗು ಅದು. ಆಗ ಬಾಯ್ಲರ್ ಕೋಣೆಯಲ್ಲಿದ್ದ ದೊಡ್ಡಪ್ಪ ಆಕಾಶವನ್ನೂ ಕಂಡಿರಲಿಲ್ಲ, ಒತ್ತಡ ತೋರಿಸುವ ಮುಳ್ಳಿನಿಂದ ಕಣ್ಣು ತೆಗೆದಿರಲಿಲ್ಲ. ಎಡ ಮೊಣಕೈಯ ಕೆಳಗೆ ಹಬೆಯ ಕೊಳವೆ ತಾಗಿ ಸುಟ್ಟ ನುಣ್ಣನೆಯ ಕಲೆಯನ್ನು ಚಿಕ್ಕಂದಿನಲ್ಲಿ ನಾನು ಮುಟ್ಟಿ ನೋಡುತ್ತಿದ್ದೆ.

ಸಿಂಡಿಕೇಟ್ ಬ್ಯಾಂಕ್ ಸೇರಿದ ಮೇಲೂ ಅದೇ ಶಿಸ್ತು. ಲೆಡ್ಜರಿನಲ್ಲಿ ಐದು ಪೈಸೆ ವ್ಯತ್ಯಾಸ ಬಂದರೂ ಟ್ಯಾಲಿ ಆಗುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಪಿಗ್ಮಿ ಠೇವಣಿಯ ಬಗ್ಗೆ ಅವರಿಗಿದ್ದ ಅಭಿಮಾನ ಹೇಳತೀರದು; ಮೀನು ಮಾರುವ ಹೆಂಗಸರು ಬಂದರೆ ತಾವೇ ಎದ್ದು ಚೀಟಿ ಬರೆದುಕೊಡುತ್ತಿದ್ದರು. ಇಲ್ಲಿ ಬ್ಯಾಂಕ್ ಆಫ್ ಐರ್ಲೆಂಡ್, ಅಲ್‌ಸ್ಟರ್ ಬ್ಯಾಂಕ್‌ಗಳು ತಮ್ಮ ಹೆಸರಿನಲ್ಲೇ ನೋಟು ಅಚ್ಚು ಹಾಕುತ್ತವೆಂದು ಹೇಳಿದಾಗ, ಅವಕ್ಕೆ ಆಧಾರವೇನು, ಲಂಡನ್ನಿನ ಅಂಗಡಿಯವರು ತೆಗೆದುಕೊಳ್ಳುತ್ತಾರೆಯೇ ಎಂದು ಫೋನಿನಲ್ಲೇ ಪರೀಕ್ಷೆ ನಡೆಸಿದ್ದರು.

ನನ್ನ ಚಿಂತೆ ಒಂದೇ. ನೌಕಾಪಡೆಯ ಕಾಗದಗಳಲ್ಲಿ ದೊಡ್ಡಮ್ಮನ ತವರಿನ ಹೆಸರಿದೆ, ಆಧಾರ್‌ನಲ್ಲಿ ಬೇರೆಯಿದೆ. ಪಿಂಚಣಿ ಆದೇಶ ಪತ್ರ, ಮರಣ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ತಮ್ಮನನ್ನು ಕಳುಹಿಸಿ. ಹೆಸರಿಗೆ ಅಫಿಡವಿಟ್ ಬೇಕಾದರೆ ಅವರೇ ಹೇಳುತ್ತಾರೆ. ಬ್ಯಾಂಕಿನ ಪಿಂಚಣಿಗೆ ಕೆನರಾ ಬ್ಯಾಂಕಿನಲ್ಲಿ ವಿಚಾರಿಸಲಿ, 2020ರಲ್ಲಿ ಸಿಂಡಿಕೇಟ್ ಅದರಲ್ಲೇ ವಿಲೀನವಾಯಿತಲ್ಲ. ಮೂಲಪ್ರತಿಗಳನ್ನು ಯಾರ ಕೈಗೂ ಕೊಡುವುದು ಬೇಡ.

ಹಣ ಬರುವುದು ತಡವಾದರೂ ದೊಡ್ಡಮ್ಮ ಹೆದರುವುದು ಬೇಡ. ತಿಂಗಳ ಖರ್ಚು, ಔಷಧಿ ಎಲ್ಲವೂ ನನ್ನ ಜವಾಬ್ದಾರಿ. ನನಗೇನೂ ಕಷ್ಟವಿಲ್ಲ, ಸಂಬಳ ಸಾಕಷ್ಟಿದೆ, ಚಳಿಯೂ ಅಭ್ಯಾಸವಾಗಿದೆ, ಊಟಕ್ಕೆ ಕುಚ್ಚಲಕ್ಕಿಯೂ ಸಿಗುತ್ತದೆ. ಅವರು ಹೊತ್ತಿಗೆ ಸರಿಯಾಗಿ ಗಂಜಿಯನ್ನಾದರೂ ಕುಡಿಯುವಂತೆ ಅಮ್ಮ ನೋಡಿಕೊಳ್ಳಲಿ.

ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ಇಂತಿ ನಿಮ್ಮ ಮಗ