ನರಕದ ಮಾತು ಹೇಳಿದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಕೇಳಿದ್ದರು: ಕ್ರೈಸ್ತರ ಲೆಕ್ಕದಲ್ಲಿ ಉಳಿದವರೆಲ್ಲ ನರಕಕ್ಕೆ ಹೋಗುವವರೇನು, ಹಾಗಿದ್ದರೆ ಇವರ ಜೊತೆ ಒಂದೇ ಓಣಿಯಲ್ಲಿ ಬದುಕೋದು ಹೇಗೆ ಅಂತ. ಸಿಟ್ಟಿನ ಪತ್ರ. ನನಗೆ ಸಿಟ್ಟು ಬರಲಿಲ್ಲ. ಯಾಕಂದರೆ ಹೆಚ್ಚು ಕಡಿಮೆ ಅದೇ ಪ್ರಶ್ನೆಯನ್ನು ತಿಂಗಳ ಹಿಂದೆ ನನ್ನ ಎದುರಿಗೇ ಒಬ್ಬರು ಕೇಳಿದ್ದರು, ಆಗ ನನಗೆ ಬಾಯೇ ಬರಲಿಲ್ಲ.

ನಮ್ಮ ಸೋದರತ್ತೆಯ ಮಣ್ಣಾದ ದಿನ ಅದು. ನರ್ಸ್ ಆಗಿದ್ದವಳು, ಓಣಿಯವರಿಗೆಲ್ಲ ನರ್ಸಕ್ಕ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದಳು, ಅಕ್ಕಪಕ್ಕದವರು ಕೆಲವರು ಅಲ್ಲಿಂದಲೇ ಜೊತೆಗೆ ಬಂದವರು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ರೊಟ್ಟಿ, ಝುಣಕ, ಅನ್ನ, ಸಾರು ಎಲ್ಲ ಪಕ್ಕದ ಲಿಂಗಾಯತರ ಮನೆಯಿಂದ ಬಂತು. ಕುರ್ಚಿ, ಶಾಮಿಯಾನ, ನೀರಿನ ಕ್ಯಾನು ಅಂತ ಓಡಾಡಿದವನು ಎದುರುಮನೆಯ ಮುಸ್ಲಿಂ ಹುಡುಗ. ಇವರೆಲ್ಲ ಸಮಾಧಿಯವರೆಗೂ ಬಂದರು. ಅಲ್ಲಿ, ಸಂಬಂಧಿಕರೊಬ್ಬರು ಕರೆತಂದಿದ್ದ ಪರಊರಿನ ಬೋಧಕರು ಮಾತಾಡಲು ನಿಂತರು. ಅತ್ತೆಯ ಬಗ್ಗೆ ಎರಡು ಮಾತು, ಆಮೇಲೆ ಮುಕ್ಕಾಲು ತಾಸು ಬರೀ ಬೆಂಕಿ. ಇಲ್ಲಿ ನಿಂತಿರುವ ಅನ್ಯಜನರು ಇವತ್ತೇ ನಂಬದಿದ್ದರೆ ಆರದ ಬೆಂಕಿ, ಸಾಯದ ಹುಳ, ಹಲ್ಲು ಕಡಿಯುವ ಸಂಕಟ ಅಂತ. ಅದೂ ಮೈಕಿನಲ್ಲಿ.

ಸಂಜೆ ರೊಟ್ಟಿ ಬುಟ್ಟಿ ಒಯ್ಯಲು ಬಂದ ಪಕ್ಕದ ಮನೆಯ ಅಕ್ಕ ಮೆಲ್ಲಗೆ ಕೇಳಿದರು: "ಮಾಸ್ತರ, ಹಂಗಾದ್ರ ನಮ್ಮಪ್ಪ ಈಗ ಬೆಂಕ್ಯಾಗ ಅದಾನೇನ್ರಿ?"

ಈ ಪತ್ರ ಅವರಿಗೂ ಉತ್ತರ ಅಂತ ತಿಳಿಯಿರಿ.

ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲಿ ನರಕದ ಮಾತೇ ಇಲ್ಲ, ಸುಮ್ನೆ ಯಾರೋ ಸೇರಿಸಿದ್ದು ಅಂತ ಜಾರಿಕೊಳ್ಳುವುದು ನನಗೆ ಬೇಡ. ಕ್ರಿಸ್ತನು ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡಲು ಬರುತ್ತಾನೆ ಅಂತ ನಮ್ಮ ನಂಬಿಕೆಯ ಪ್ರಮಾಣದಲ್ಲೇ ಇದೆ. ನಾನೂ ಬಾಯಿಬಿಟ್ಟು ಹೇಳುತ್ತೇನೆ, ನಂಬುತ್ತೇನೆ. ಬಡವರ ಕೂಲಿ ನುಂಗಿದವನಿಗೆ ಎಲ್ಲೂ ಯಾವತ್ತೂ ಲೆಕ್ಕ ಕೇಳುವವರೇ ಇಲ್ಲ ಅಂದರೆ ನನಗೆ ದೇವರ ಮೇಲೇ ಬೇಜಾರಾಗುತ್ತದೆ.

ನನ್ನ ತಕರಾರು ಬೇರೆ. ನರಕದ ಮಾತನ್ನು ಯೇಸುಸ್ವಾಮಿ ಯಾರಿಗೆ ಹೇಳಿದರು ಅನ್ನೋದನ್ನು ನಮ್ಮ ಕೆಲವು ಬೋಧಕರು ನೋಡುವುದೇ ಇಲ್ಲ.

ಸುವಾರ್ತೆಗಳಲ್ಲಿ, ಅಂದರೆ ಯೇಸುಸ್ವಾಮಿಯ ಬದುಕು ಹೇಳುವ ಬೈಬಲ್ಲಿನ ಪುಸ್ತಕಗಳಲ್ಲಿ, ನರಕಕ್ಕೆ ಅವರು ಬಳಸಿದ ಪದ ಗೆಹೆನ್ನ. ಅದು ಮೊದಲು ಒಂದು ಜಾಗದ ಹೆಸರು: ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಹಿಂದಿನ ಕಾಲದಲ್ಲಿ ಅಲ್ಲಿ ಹೆತ್ತ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಡುತ್ತಿದ್ದರು, ಪ್ರವಾದಿ ಯೆರೆಮೀಯ ಅದನ್ನು ಹೇಳಿ ಉಗಿದಿದ್ದಾನೆ. ಮಾಡಿದವರು ಪರದೇಶದವರಲ್ಲ, ಅವನದೇ ಜನ, ಅವನದೇ ರಾಜರು. (ಅಲ್ಲಿ ಊರಿನ ಕಸ ಸುಡುತ್ತಿದ್ದರು ಅಂತ ಪ್ರಸಂಗಗಳಲ್ಲಿ ಜಾಸ್ತಿ ಕೇಳುತ್ತೇವೆ. ಆ ಮಾತು ಸುಮಾರು 1200ರ ಹೊತ್ತಿನ ಒಬ್ಬ ಯೆಹೂದಿ ಪಂಡಿತರ ಬರಹಕ್ಕಿಂತ ಹಿಂದೆ ಸಿಗುವುದಿಲ್ಲ. ನಾನೂ ಎಷ್ಟೋ ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಹೇಳಿದ್ದೆ, ನಾಚಿಕೆ.)

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಗೆಹೆನ್ನ ಬರುವುದು ಬರೀ 12 ಸಲ. ಅದರಲ್ಲಿ 11 ಸಲ ಯೇಸುಸ್ವಾಮಿಯ ಬಾಯಲ್ಲೇ. ಒಂದೊಂದೇ ತೆರೆದು ನೋಡಿ, ಎದುರಿಗೆ ಯಾರಿದ್ದಾರೆ? ಸ್ವಂತ ಶಿಷ್ಯರು. ಬೆಟ್ಟದ ಮೇಲೆ ಬೋಧನೆ ಕೇಳಲು ಬಂದ ಸ್ವಂತ ಜನ. ಇಲ್ಲವೇ ಶಾಸ್ತ್ರಿಗಳು ಮತ್ತು ಫರಿಸಾಯರು, ಅಂದರೆ ಧರ್ಮ ನಮ್ಮ ಕಿಸೆಯಲ್ಲಿದೆ ಅನ್ನುತ್ತಿದ್ದವರು. ಅಣ್ಣತಮ್ಮನಿಗೆ ಮೂರ್ಖ ಅಂದವನೂ ಆ ಬೆಂಕಿಗೆ ಗುರಿ ಅಂತ ಹೇಳಿದ್ದು ಶಿಷ್ಯರಿಗೆ, ದಾರಿಹೋಕರಿಗಲ್ಲ. ರೋಮಿನ ಶತಾಧಿಪತಿ ಬಂದಾಗ ಏನಾಯಿತು? ಆಳುವ ದೇಶದ ಸಿಪಾಯಿ, ಪಕ್ಕಾ ಅನ್ಯಜನ. ಇಂಥ ನಂಬಿಕೆ ಇಸ್ರಾಯೇಲಿನಲ್ಲೇ ನೋಡಲಿಲ್ಲ ಅಂದರು ಯೇಸುಸ್ವಾಮಿ. ಪೂರ್ವ ಪಶ್ಚಿಮದಿಂದ ಎಷ್ಟೋ ಜನ ಬಂದು ಊಟಕ್ಕೆ ಕೂರುತ್ತಾರೆ, ರಾಜ್ಯದ ಮಕ್ಕಳು ಅನ್ನಿಸಿಕೊಂಡವರು ಹೊರಗೆ ಕತ್ತಲಲ್ಲಿ ಹಲ್ಲು ಕಡಿಯುತ್ತಾರೆ ಅಂತಲೂ ಸೇರಿಸಿದರು. ಅಂದರೆ ನಮ್ಮ ಬೋಧಕರು ಓಣಿಯವರಿಗೆ ಹಾಕಿದ ಹಲ್ಲು ಕಡಿಯುವ ಮಾತು ಅಲ್ಲಿ ನಮಗೇ ಹಾಕಿದ್ದು!

ಯೇಸುವಿನ ಸುವಾರ್ತೆಯನ್ನು ಪರದೇಶಗಳಿಗೆ ಒಯ್ದ ಪೌಲ, ಗ್ರೀಸಿನ ಅಥೇನೆಯಲ್ಲಿ ಊರ ತುಂಬ ವಿಗ್ರಹ ಪೂಜಿಸುವವರ ನಡುವೆ ನಿಂತು ಮಾತಾಡಿದ. ತೀರ್ಪಿನ ದಿನ ಬರುತ್ತದೆ, ದೇವರ ಕಡೆ ಮನಸ್ಸು ತಿರುಗಿಸಿಕೊಳ್ಳಿ ಅಂದ. ಅಷ್ಟೇ. ಅವನ ಪತ್ರಗಳಲ್ಲಿ ಶಿಕ್ಷೆಯ ಮಾತು ಇದೆ, ಗೆಹೆನ್ನ ಅನ್ನುವ ಪದ ಒಂದು ಕಡೆಯೂ ಇಲ್ಲ. ಉಳಿದ ಆ 12ನೆಯದು ಯಾಕೋಬನ ಪತ್ರದಲ್ಲಿದೆ. ಅದು ನಾಲಿಗೆಯ ಬಗ್ಗೆ: ಈ ಸಣ್ಣ ಅಂಗಕ್ಕೆ ಬೆಂಕಿ ಹಚ್ಚುವುದೇ ಗೆಹೆನ್ನ ಅಂತ. ಮೈಕ್ ಹಿಡಿಯುವ ಮೊದಲು ಓದಬೇಕಾದ ವಚನ ಅಲ್ವಾ?

ಇನ್ನು ಪತ್ರ ಬರೆದವರ ಎರಡನೇ ಮಾತು. ನಂಬಿದರೆ ಸಾಕು ರಕ್ಷಣೆ, ಏನು ಬೇಕಾದರೂ ಮಾಡಬಹುದು, ಚೆನ್ನಾಗಿದೆ ನಿಮ್ಮ ಧರ್ಮ ಅಂತ ಕುಟುಕಿದ್ದಾರೆ. ಕೂಡಲಸಂಗಮ ಇರುವ ಜಿಲ್ಲೆಯವರು, ನಡತೆಯೇ ಮುಖ್ಯ ಅಂತ ಸಣ್ಣವರಿದ್ದಾಗಿನಿಂದ ಕೇಳಿ ಬೆಳೆದವರು, ಹಾಗೆ ಕೇಳುವುದು ಸಹಜವೇ. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ನಮ್ಮ ಕೆಲಸಗಳಿಂದಲ್ಲ ಅಂತ ಪೌಲ ಎಫೆಸದವರಿಗೆ ಬರೆದದ್ದು ನಿಜ. ಅದು ಸಾಲಮನ್ನಾದ ಹಾಗೆ, ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಂದು ಕಥೆ ಇದೆ. ಒಬ್ಬನಿಗೆ ರಾಜ 10,000 ತಲಾಂತು ಸಾಲ ಬಿಟ್ಟ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ, ಲೆಕ್ಕ ಹಾಕಿದರೆ 6 ಕೋಟಿ ದಿನದ ಕೂಲಿ, ಏಳೇಳು ಜನ್ಮಕ್ಕೂ ತೀರದು. ಅವನು ಹೊರಗೆ ಬಂದವನೇ 100 ದಿನದ ಕೂಲಿಯಷ್ಟು ಕೈಗಡ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ರಾಜನಿಗೆ ಗೊತ್ತಾಯಿತು, ಮನ್ನಾ ರದ್ದಾಯಿತು. ನಂಬಿಕೆ ಅಂದರೆ ಮನ್ನಾ ಚೀಟಿ ಗೋಡೆಗೆ ತೂಗುಹಾಕುವುದಲ್ಲ, ಆ ಮನ್ನಾ ನಮ್ಮ ಕೈಯನ್ನು ಸಡಿಲ ಮಾಡಬೇಕು. ನಂಬಿಕೆ ದೊಡ್ಡದೋ ಕೆಲಸ ದೊಡ್ಡದೋ ಅಂತ 1517ರಿಂದ ಜಗಳವಾಡಿದ ಲೂಥರನ್ನರೂ (ಪ್ರೊಟೆಸ್ಟಂಟರಲ್ಲಿ ಒಂದು ಪಂಗಡ) ಕಥೋಲಿಕರೂ 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕೂತು, ರಕ್ಷಣೆ ಕೃಪೆಯಿಂದಲೇ, ಒಳ್ಳೆಯ ಕೆಲಸ ಅದರ ಫಲ ಅಂತ ಒಂದೇ ಕಾಗದಕ್ಕೆ ಸಹಿ ಹಾಕಿದರು. ನಮ್ಮ ಊರುಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಬೆಂಕಿಯಷ್ಟು ರುಚಿ ಇಲ್ಲವಲ್ಲ.

ಹಾಗಾದರೆ ಯೇಸುವಿನ ಹೆಸರೇ ಕೇಳದೆ, ಇಲ್ಲವೇ ಕೇಳಿಯೂ ತಮ್ಮ ದಾರಿಯಲ್ಲೇ ಇದ್ದು ತೀರಿಹೋದವರು? ಇಲ್ಲಿ ಸಭೆಗಳು, ಅಂದರೆ ಬೇರೆ ಬೇರೆ ಚರ್ಚುಗಳು, ಒಂದೇ ಮಾತು ಹೇಳುವುದಿಲ್ಲ. ಕೊನೆಗೆ ಎಲ್ಲರೂ ದೇವರ ಕಡೆ ತಿರುಗುತ್ತಾರೆ ಅಂದ ಹಳೇ ಕಾಲದ ಕ್ರೈಸ್ತ ಪಂಡಿತ ಒರಿಗೆನನ ಬೋಧನೆಯನ್ನು 6ನೇ ಶತಮಾನದಲ್ಲಿ ಸಭೆಯವರೇ ಖಂಡಿಸಿದರು. ತನ್ನ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ ಉಳಿದು, ಮನಸ್ಸಾಕ್ಷಿಯಂತೆ ನಡೆದವರಿಗೂ ರಕ್ಷಣೆ ಸಿಗಬಹುದು ಅಂತ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಕ್ರಿಸ್ತನನ್ನು ಬಾಯಿಬಿಟ್ಟು ಒಪ್ಪದೆ ದಾರಿಯೇ ಇಲ್ಲ ಅನ್ನುವವರು ನಮ್ಮ ಪ್ರೊಟೆಸ್ಟಂಟರಲ್ಲಿ ಬಹಳ ಜನ ಇದ್ದಾರೆ, ಅವರೂ ಸುಳ್ಳು ಮನಸ್ಸಿನವರಲ್ಲ. ನಾನು ಪಂಡಿತನಲ್ಲ. ಆದರೆ ಮತ್ತಾಯ 25ರಲ್ಲಿ ತೀರ್ಪಿನ ದಿನ ಬಲಗಡೆ ನಿಂತವರು, ಸ್ವಾಮಿ, ನಿನಗೆ ಯಾವಾಗ ಊಟ ಕೊಟ್ಟೆವು ಅಂತ ಬೆರಗಾಗಿ ಕೇಳುತ್ತಾರೆ. ಅವರಿಗೆ ಗೊತ್ತೇ ಇರಲಿಲ್ಲ. ಅದನ್ನು ಓದುವಾಗಲೆಲ್ಲ ಈಗ ನನಗೆ ಆ ರೊಟ್ಟಿ ಬುಟ್ಟಿ ನೆನಪಾಗುತ್ತದೆ.

ನಮ್ಮ ಮುತ್ತಜ್ಜ ಗುಳೇದಗುಡ್ಡದ ನೇಕಾರ. ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1851ರಲ್ಲಿ, ಅವನು ಸಭೆಗೆ ಸೇರಿದ್ದು ಅದಾದ ಎಷ್ಟೋ ವರ್ಷಕ್ಕೆ. ಆ ಮಿಷನರಿಗಳೂ ನರಕದ ಮಾತು ಆಡಿಯೇ ಇರುತ್ತಾರೆ. ಆದರೆ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಇದ್ದದ್ದು ಶಾಲೆ, ಔಷಧದ ಬಾಟಲಿ, ಅಕ್ಷರ ಕಲಿತ ಹೆಣ್ಣುಮಕ್ಕಳು, ಮಗ್ಗದ ಸದ್ದು. ಬೆಂಕಿ ಇರಲಿಲ್ಲ.

ಪಕ್ಕದ ಮನೆಯ ಅಕ್ಕನಿಗೆ ಕೊನೆಗೆ ನಾನೇ ಹೋಗಿ ಹೇಳಿದೆ: ನಿಮ್ಮಪ್ಪನ ತೀರ್ಪು ಬರೆಯುವ ಪೆನ್ನು ಆ ಬೋಧಕರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ, ನಮ್ಮ ಅತ್ತೆಯದೂ ಅಷ್ಟೇ, ಅದು ಇರುವವನ ಕೈ ನಮಗಿಂತ ಮೆತ್ತಗಿದೆ ಅಂತ ನಂಬಿದ್ದೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾ ಕುಡೀರಿ" ಅಂದರು.

ಸಮಾಧಿಯಲ್ಲಿ ಯಾರು ಮಾತಾಡಬೇಕು, ಎಷ್ಟು ಹೊತ್ತು ಅಂತ ಒಂದು ನಿಯಮ ಮಾಡಿ ಎಂದು ನಮ್ಮ ಸಭೆಯ ಹಿರಿಯರಿಗೆ ಬರೆದು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಅತ್ತೆಯ ಸ್ಮರಣೆಯ ಪ್ರಾರ್ಥನೆ ಬರುವ ಶನಿವಾರ ಮನೆಯಲ್ಲೇ ಇದೆ. ಓಣಿಯವರನ್ನೆಲ್ಲ ಕರೆದಿದ್ದೇನೆ. ಮೈಕ್ ಇರುವುದಿಲ್ಲ. ಬೈಬಲ್ಲಿನ 23ನೇ ಕೀರ್ತನೆ ನಾನೇ ಓದುತ್ತೇನೆ.

ಒಬ್ಬ ನಿವೃತ್ತ ಶಿಕ್ಷಕ
ನವನಗರ, ಬಾಗಲಕೋಟೆ