ಗೆಳೆಯನಿಗೊಂದು ಪತ್ರ: ಕೇಳದೆ ತಂದ ಕನಸು

ಪ್ರಿಯ ಗೆಳೆಯಾ,

ನಾನು ಇಲ್ಲಿ ಕ್ಷೇಮ. ನೀನೂ ಮನೆಯವರೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕುತ್ತೇನೆಂದು ಕರಡು ಕಳಿಸಿದಾಗ ನೀನು ಒಡ್ಡಿದ ಷರತ್ತು ಒಂದೇ: ‘ಏನು ಬೇಕಾದರೂ ಬರಿ, ನನ್ನ ಕನಸನ್ನು ಮಾತ್ರ ಬರೀಬೇಡ.’ ಬರೆಯುವುದಿಲ್ಲ. ಓದುವವರು ಮನ್ನಿಸಬೇಕು, ಒಂದು ಕನಸಿನ ಸುತ್ತಲೇ ಸುತ್ತುವ ಈ ಪತ್ರದಲ್ಲಿ ಆ ಕನಸು ಇರುವುದಿಲ್ಲ. ಹಸಿರು ಛತ್ರಿಯ ವಿಷಯವನ್ನೂ ಬರೆಯುವುದಿಲ್ಲ, ಧೈರ್ಯವಾಗಿರು.

ನಾನು ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ವಿಭಾಗದಲ್ಲಿ, ಮಾತು ಮತ್ತು ಕನಸುಗಳ ಮೂಲಕ ಮನಸ್ಸಿನ ಒಳಗನ್ನು ಬಿಡಿಸುವ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ ಮತ್ತು ಮೊದಲು ಅವನ ಜೊತೆಗಿದ್ದು ಆಮೇಲೆ ಬೇರೆ ದಾರಿ ಹಿಡಿದ ಯೂಂಗ್ ಇಬ್ಬರನ್ನೂ ಒಂದೇ ಸೂರಿನಡಿ ಕಲಿಸುತ್ತಾರೆ. 1907ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿ ಭೇಟಿಯಾದ ದಿನವೇ ಹದಿಮೂರು ಗಂಟೆ ಮಾತಾಡಿದರೆಂದು ಹೇಳುವ ಆ ಇಬ್ಬರು 1913ರ ಹೊತ್ತಿಗೆ ಪತ್ರ ಬರೆಯುವುದನ್ನೂ ನಿಲ್ಲಿಸಿದ್ದರು. ಅವರ ಮುರಿದ ಸ್ನೇಹವನ್ನು ಓದಲು ನಾನು ನಮ್ಮ ಸ್ನೇಹವನ್ನು ಮೈಸೂರಿನಲ್ಲಿ ಬಿಟ್ಟು ಇಲ್ಲಿಗೆ ಬಂದೆನೆಂದು ಮೊದಲ ತಿಂಗಳು ಅನ್ನಿಸುತ್ತಿತ್ತು. ನಮ್ಮ ಗುಂಪಿನಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ, ಗ್ರೀಸಿನಿಂದ ಬಂದ ಹುಡುಗಿಯಿದ್ದಾಳೆ, ಪಾದ್ರಿಯಾಗಬೇಕೆಂದು ಹೊರಟು ಮನಸ್ಸು ಬದಲಿಸಿದವನೊಬ್ಬನಿದ್ದಾನೆ. ಯಾರಾದರೂ ತರಗತಿಗೆ ತಡವಾಗಿ ಬಂದರೆ, ಒಂದು ಹೆಸರನ್ನು ಮರೆತರೆ, ಕಪ್ಪು ಕೈಜಾರಿ ಬಿದ್ದರೆ, ಎಲ್ಲರೂ ಒಂದು ಕ್ಷಣ ಸುಮ್ಮನಾಗಿ ಅದರ ಅರ್ಥವನ್ನು ಹುಡುಕುತ್ತಾರೆ. ಈ ಗಮನ ನನಗೆ ಬಹಳ ಇಷ್ಟವಾಗಿತ್ತು. ಊರಿನಲ್ಲಿ ಯಾರೂ ನನ್ನನ್ನು ಇಷ್ಟು ಎಚ್ಚರದಿಂದ ನೋಡಿರಲಿಲ್ಲ.

ನಡೆದದ್ದನ್ನು ಈಗ ಹೇಳುತ್ತೇನೆ. ಎರಡನೆಯ ಅವಧಿಯಲ್ಲಿ ಒಂದು ಕನಸನ್ನು ತೆಗೆದುಕೊಂಡು ಫ್ರಾಯ್ಡನ ರೀತಿಯಲ್ಲಿ ಒಮ್ಮೆ, ಯೂಂಗನ ರೀತಿಯಲ್ಲಿ ಒಮ್ಮೆ ಓದಿ ಪ್ರಬಂಧ ಬರೆಯಬೇಕಿತ್ತು. ನನ್ನಲ್ಲಿ ಕನಸಿಲ್ಲವೆಂದು ನನಗೆ ನಾನೇ ಹೇಳಿಕೊಂಡು ನಿನ್ನದನ್ನು ಬರೆದೆ. ನಿನ್ನ ಹೆಸರು ಹಾಕದೆ ಬರಿಯ ಒಂದಕ್ಷರ ಇಟ್ಟೆ. ನೀನು ಮೂರು ಸಲ ಬಳಸಿದ ಒಂದು ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗದೆ ಮೂರು ಕಡೆ ಮೂರು ಬೇರೆ ಪದ ಹಾಕಿದೆ; ಆಮೇಲೆ ಆ ಮೂರು ಪದಗಳ ನಡುವಿನ ವ್ಯತ್ಯಾಸವನ್ನೇ ಹಿಡಿದು ಎರಡು ಪುಟ ವ್ಯಾಖ್ಯಾನ ಬರೆದೆ. ಎಲ್ಲರೂ ಮೆಚ್ಚಿದರು. ನಮ್ಮಲ್ಲಿ ಕನಸು ಬೀಳುತ್ತದೆ, ಮಳೆ ಬಿದ್ದ ಹಾಗೆ. ಯಾರ ಮೇಲೆ ಬಿತ್ತೋ ಅವರೇ ನೆನೆಯುತ್ತಾರೆ. ನೆನೆದವನು ನೀನು, ಮೆಚ್ಚುಗೆ ಸಿಕ್ಕಿದ್ದು ನನಗೆ.

ಅದಾದ ಮೂರು ವಾರಕ್ಕೆ ಫ್ರಾಯ್ಡ್ ಡೋರಾ ಎಂದು ಹೆಸರಿಟ್ಟು ಬರೆದ ರೋಗಿಯೊಬ್ಬಳ ಪ್ರಕರಣವನ್ನು ಓದಿದೆವು. ಮಾನಸಗಂಗೋತ್ರಿಯಲ್ಲಿ ಪರೀಕ್ಷೆಗಾಗಿ ಅರ್ಧ ಪುಟದ ಟಿಪ್ಪಣಿ ಮಾಡಿಕೊಂಡಿದ್ದೆವಲ್ಲ, ಆ ಹುಡುಗಿಯೇ. ಆಕೆಯ ನಿಜವಾದ ಹೆಸರು ಇಡಾ ಬಾವರ್. ಹದಿನೆಂಟರ ವಯಸ್ಸು. 1900ರ ಕೊನೆಯಲ್ಲಿ ಹನ್ನೊಂದು ವಾರ ಫ್ರಾಯ್ಡನ ಬಳಿಗೆ ಬಂದಳು, ಎರಡು ಕನಸುಗಳನ್ನು ಹೇಳಿದಳು, ಡಿಸೆಂಬರ್ 31ರಂದು ಇನ್ನು ಬರುವುದಿಲ್ಲವೆಂದು ಹೇಳಿ ಹೊರಟುಹೋದಳು. ಆಕೆಯನ್ನು ಕೇಳದೆಯೇ ಫ್ರಾಯ್ಡ್ 1905ರಲ್ಲಿ ಎಲ್ಲವನ್ನೂ ಅಚ್ಚು ಮಾಡಿಸಿದ. ಆಕೆಯ ಕೈಗೆ ಇದು ಸಿಕ್ಕರೆ ನೋವಾಗುತ್ತದೆಂದು ಅವನಿಗೆ ಗೊತ್ತಿತ್ತು, ಮುನ್ನುಡಿಯಲ್ಲಿ ತಾನೇ ಹಾಗೆಂದಿದ್ದಾನೆ. ಡೋರಾ ಎಂಬ ಹೆಸರೇ ಏಕೆ ಹೊಳೆಯಿತೆಂಬುದನ್ನೂ ಅವನೇ ಇನ್ನೊಂದು ಕಡೆ ವಿವರಿಸಿದ್ದಾನೆ. ಅವನ ತಂಗಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳ ಹೆಸರು ರೋಸಾ. ಮನೆಯೊಡತಿಯ ಹೆಸರೂ ರೋಸಾ ಆಗಿದ್ದರಿಂದ ಆಳು ಹೆಂಗಸು ತನ್ನ ಹೆಸರನ್ನು ಬಿಟ್ಟು ಡೋರಾ ಎಂದು ಕರೆಸಿಕೊಳ್ಳಬೇಕಾಯಿತು. ಸ್ವಂತ ಹೆಸರನ್ನೂ ಉಳಿಸಿಕೊಳ್ಳಲಾಗದವಳ ಹೆಸರನ್ನೇ ಫ್ರಾಯ್ಡ್ ಈ ಹುಡುಗಿಗೆ ಕೊಟ್ಟ. ಆ ಸಾಲುಗಳನ್ನು ಲೈಬ್ರರಿಯಲ್ಲಿ ಓದುತ್ತಿದ್ದಾಗ ನಿನ್ನ ಹೆಸರಿನ ಜಾಗದಲ್ಲಿ ನಾನು ಇಟ್ಟ ಒಂಟಿ ಅಕ್ಷರ ನೆನಪಾಗಿ ಪುಸ್ತಕವನ್ನು ಮುಚ್ಚಿಬಿಟ್ಟೆ.

ಯೂಂಗನ ಕಡೆ ಹೋದರೆ ನೆಮ್ಮದಿ ಸಿಕ್ಕೀತೆಂದುಕೊಂಡೆ. ಅಲ್ಲಿಯೂ ಅದೇ ಕತೆ. ಅವನನ್ನು ಫ್ರಾಯ್ಡನಿಂದ ದೂರ ಮಾಡಿದ 1912ರ ದೊಡ್ಡ ಗ್ರಂಥ ನಿಂತಿರುವುದು ಫ್ರಾಂಕ್ ಮಿಲ್ಲರ್ ಎಂಬ ಅಮೆರಿಕದ ಹೆಂಗಸು ಬರೆದು ಪ್ರಕಟಿಸಿದ್ದ ಕಲ್ಪನೆಗಳ ಮೇಲೆ. ಯೂಂಗ್ ಆಕೆಯನ್ನು ಒಮ್ಮೆಯೂ ಭೇಟಿಯಾಗದೆ, ಜಗತ್ತಿನ ಪುರಾಣಗಳನ್ನೆಲ್ಲ ಆಕೆಯ ನಾಲ್ಕು ಸಾಲುಗಳ ಮೇಲೆ ಹೇರಿ, ಕೊನೆಗೆ ಆಕೆ ಬುದ್ಧಿಭ್ರಮಣೆಯ ಅಂಚಿನಲ್ಲಿದ್ದಾಳೆಂಬ ತೀರ್ಮಾನಕ್ಕೂ ಬಂದ. ನಾನು ಯೂಂಗನನ್ನು ಈಗಲೂ ಪ್ರೀತಿಸುತ್ತೇನೆ. ನೆರಳನ್ನು, ಅಂದರೆ ನಾವು ನಮ್ಮದೆಂದು ಒಪ್ಪಿಕೊಳ್ಳದ ನಮ್ಮದೇ ಭಾಗವನ್ನು ಕುರಿತು ಅವನು ಬರೆದದ್ದನ್ನು ಓದಿದ ಮೇಲೆ ಮನುಷ್ಯರ ಬಗ್ಗೆ ನನ್ನ ಸಿಟ್ಟು ಕಡಿಮೆಯಾಗಿದೆ. ಆದರೂ ಆ ಹೆಂಗಸಿನ ಪರವಾಗಿ ನನಗೆ ಹೊಟ್ಟೆ ಉರಿಯುತ್ತದೆ.

ವಿಶ್ವವಿದ್ಯಾಲಯದಲ್ಲಿ ಮನೋವಿಶ್ಲೇಷಣೆಯನ್ನು ಕಲಿಸಬೇಕೆ ಎಂಬ ಪ್ರಶ್ನೆಯನ್ನು ಫ್ರಾಯ್ಡ್ 1919ರಲ್ಲಿ ಎತ್ತಿದ್ದ. ವಿದ್ಯಾರ್ಥಿ ಅದರ ಬಗ್ಗೆ ಒಂದಿಷ್ಟು, ಅದರಿಂದ ಒಂದಿಷ್ಟು ಕಲಿತರೆ ಸಾಕು, ನಿಜವಾದ ಕಸುಬು ಅಲ್ಲಿ ಸಿಗುವುದಿಲ್ಲ ಎಂಬುದು ಅವನ ಮಾತಿನ ಸಾರ. ಕಸುಬಿಗೆ ಇಳಿಯುವವನು ಮೊದಲು ತಾನೇ ಇನ್ನೊಬ್ಬರ ಮುಂದೆ ವಿಶ್ಲೇಷಣೆಗೆ ಒಳಗಾಗಬೇಕೆಂಬ ನಿಯಮವನ್ನು ಮೊದಲು ಒತ್ತಿ ಹೇಳಿದ್ದು ಯೂಂಗನಿದ್ದ ಜೂರಿಚ್ ಬಳಗ, ಅದನ್ನು ಫ್ರಾಯ್ಡನೂ ಒಪ್ಪಿಕೊಂಡಿದ್ದ. ನಮ್ಮದು ಓದಿನ ಕೋರ್ಸು, ಒಳಗಾಗುವ ಕಟ್ಟುಪಾಡು ಇಲ್ಲ. ಹಾಗಾಗಿ ನನ್ನ ಕೈಗೆ ಸಿಕ್ಕಿದ್ದು ಶಬ್ದಗಳು ಮಾತ್ರ, ಆ ಶಬ್ದಗಳು ನನ್ನನ್ನು ಎಂದೂ ಮುಟ್ಟಲಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೂತು ನೀನು ಆ ಕನಸನ್ನು ಹೇಳಿದ ಸಂಜೆ ನಿನಗೆ ನೆನಪಿದೆಯೆಂದು ಬಲ್ಲೆ. ನಿನ್ನ ಅಮ್ಮ ತೀರಿಹೋಗಿ ಮೂರು ವಾರವಾಗಿತ್ತು. ನೀನು ಕಾಲಿನಿಂದ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟು, ನೀರಿನ ಕಡೆ ನೋಡುತ್ತಾ, ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಮುಗಿಯುವ ಮೊದಲೇ ನಾನು ಮಾತೃರೂಪ, ಸಾಮೂಹಿಕ ಅಪ್ರಜ್ಞೆ ಎಂದು ಯೂಂಗನ ಶಬ್ದಗಳನ್ನು ಶುರು ಮಾಡಿದೆ. ನೀನು ವಾದ ಮಾಡಲಿಲ್ಲ. ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಬಡಿದು ಉದುರಿಸಿ, ಮೆಟ್ಟಿಕೊಂಡು, ‘ನಡಿ, ಕತ್ತಲಾಯ್ತು’ ಎಂದೆ. ಕತ್ತಲಾಗಿರಲಿಲ್ಲ ಕಣೋ. ಅದಾದ ಮೇಲೆ ನೀನು ನನಗೆ ಒಂದು ಕನಸನ್ನೂ ಹೇಳಿಲ್ಲವೆಂಬುದು ನನ್ನ ಗಮನಕ್ಕೆ ಬಂದದ್ದು ಡೋರಾ ಎದ್ದು ಹೋದ ಪುಟವನ್ನು ಓದಿದ ದಿನ. ನಮ್ಮಜ್ಜಿ ಕೆಟ್ಟ ಕನಸು ಬಿದ್ದರೆ ಬೆಳಗ್ಗೆ ಎದ್ದು ಬಾವಿಗೆ ಹೇಳಿ ಬಾ ಎನ್ನುತ್ತಿದ್ದಳು. ಬಾವಿ ಕೇಳಿಸಿಕೊಳ್ಳುತ್ತದೆ, ನಡುವೆ ಬಾಯಿ ಹಾಕುವುದಿಲ್ಲ. ಅಂದು ನಿನಗೆ ನನಗಿಂತ ಆ ಕೆರೆಯೇ ಹೆಚ್ಚು ಆಸರೆಯಾಯಿತೇನೋ.

ಕರಡಿನಲ್ಲಿ ಇಲ್ಲಿಗೆ ನಿಲ್ಲಿಸಿದ್ದೆ. ಮುಂದಿನದು ಅದರಲ್ಲಿ ಇರಲಿಲ್ಲ.

ಕಳೆದ ವಾರ ನಾವು ನಾಲ್ಕು ಜನ ಸೇರಿ ಯೂಂಗನ ಪದಪರೀಕ್ಷೆಯನ್ನು ಮಾಡಿ ನೋಡಿದೆವು. ಜೂರಿಚ್‌ನ ಬರ್ಗ್‌ಹೋಲ್ಜ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದಾಗ ಅವನು ಒಂದೊಂದೇ ಪದವನ್ನು ಹೇಳಿ, ಕೇಳಿದವರ ಬಾಯಿಗೆ ಮೊದಲು ಬಂದ ಪದವನ್ನು ಬರೆದುಕೊಂಡು, ಅದಕ್ಕೆ ಹಿಡಿದ ಹೊತ್ತನ್ನು ಸೆಕೆಂಡಿನ ಐದನೆಯ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಿದ್ದ. ತಡವಾದ ಕಡೆ ಒಳಗೆ ಏನೋ ತೊಡರಿಕೊಂಡಿದೆಯೆಂದು ಲೆಕ್ಕ. ನೂರು ಪದಗಳ ಅವನ ಪಟ್ಟಿ ಸಾಧಾರಣ ಪದಗಳಿಂದಲೇ ಶುರುವಾಗುತ್ತದೆ: ತಲೆ, ಹಸಿರು, ನೀರು, ಹಾಡುವುದು, ಸತ್ತ, ಉದ್ದ, ಹಡಗು, ಹಣ ತೀರಿಸುವುದು. ಗ್ರೀಸಿನ ಹುಡುಗಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದಿದ್ದಳು. ಹಸಿರಿಗೆ ನಾನು ಥಟ್ಟನೆ ಛತ್ರಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನಿನಗಾಗುತ್ತದೆ. ಎಂಟನೆಯ ಪದಕ್ಕೆ ನಾಲಗೆ ನಿಂತುಹೋಯಿತು. ಅವಳ ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದುದು ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಏಳು ಸೆಕೆಂಡು ಕಳೆದ ಮೇಲೆ ಬಂದ ಪದ ಇಂಗ್ಲಿಷಿನದಾಗಿರಲಿಲ್ಲ: ‘ಅಪ್ಪ.’

ನನ್ನ ಓದಿಗಾಗಿ ಅಪ್ಪ ತೆಂಗಿನ ತೋಟವನ್ನು ಅಡವಿಟ್ಟದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಪ್ರತಿ ಭಾನುವಾರ ಅಪ್ಪ ಫೋನು ಮಾಡುತ್ತಾನೆ, ಎರಡು ನಿಮಿಷಕ್ಕೆ ನಾನು ಓದುವುದಿದೆಯೆಂದು ಇಟ್ಟುಬಿಡುತ್ತೇನೆ. ನನ್ನಲ್ಲಿ ಕನಸಿಲ್ಲವೆಂದದ್ದು ಸುಳ್ಳು. 1938ರಲ್ಲಿ ಕಲ್ಕತ್ತೆಯಲ್ಲಿ ಆಮಶಂಕೆಯಾಗಿ ಹತ್ತು ದಿನ ಆಸ್ಪತ್ರೆ ಸೇರಿದ್ದ ಯೂಂಗನಿಗೆ ಆಮೇಲೆ ಭಾರತದ ದೇವರುಗಳು ಯಾರೂ ಕನಸಿನಲ್ಲಿ ಬರಲಿಲ್ಲ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕಡೆಯದೊಂದು ದ್ವೀಪ, ತನ್ನ ಯುರೋಪಿನ ಹಳೆಯ ಕತೆಯೊಂದು ಬಂದವು. ಅದೇ ಪ್ರವಾಸದಲ್ಲಿ ಮೈಸೂರಿನಲ್ಲಿ ಮಹಾರಾಜರ ಗುರುಗಳಾದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಅವನು ಮಾತುಕತೆ ನಡೆಸಿದ್ದ. ನನಗೆ ಇಂಗ್ಲೆಂಡಿನಲ್ಲಿ ಬೀಳುವುದು ನಮ್ಮ ಮನೆಯ ಹಿತ್ತಿಲ ಬಾಗಿಲು. ಅಪ್ಪ ಹೊರಗಿನಿಂದ ಚಿಲಕ ಬಡಿಯುತ್ತಾನೆ. ಈ ಪುಟ ಮುಗಿಸಿ ಏಳುತ್ತೇನೆಂದು ನಾನು ಒಳಗೆ ಓದುತ್ತಾ ಕೂತಿರುತ್ತೇನೆ. ಪುಟ ಮುಗಿಯುವುದೇ ಇಲ್ಲ. ಬಡಿತ ನಿಲ್ಲುತ್ತದೆ, ಆಗ ಎಚ್ಚರವಾಗುತ್ತದೆ. ಇದು ನಾಲ್ಕು ಸಲ ಬಿದ್ದಿದೆ. ಇದನ್ನು ಬರೆಯಲು ಅಂಜಿ ನಿನ್ನದನ್ನು ಎತ್ತಿಕೊಂಡೆ. ನಿನ್ನ ಅಮ್ಮನ ಮೇಲೆ ಎಂಟು ಪುಟ ಬರೆದೆನೇ ಹೊರತು ನನ್ನ ಅಪ್ಪನ ಮೇಲೆ ಒಂದು ಸಾಲನ್ನೂ ಬರೆಯಲಿಲ್ಲ.

ಇರಲಿ, ಇದು ಸಾಕು. ಬೇರೆ ಸುದ್ದಿ ಹೇಳುತ್ತೇನೆ. ಇಲ್ಲಿನ ಹುಲ್ಲಿನ ಮೇಲೆ ಸಂಜೆಯಾದರೆ ಮೊಲಗಳು ಓಡಾಡುತ್ತವೆ, ಮನುಷ್ಯರಿಗೆ ಹೆದರುವುದಿಲ್ಲ. ನೀನು ಕಳಿಸಿದ ರಾಗಿಹಿಟ್ಟು ಇನ್ನೂ ಎರಡು ಮುದ್ದೆಗಾಗುವಷ್ಟಿದೆ. ಹೋದ ಶನಿವಾರ ಲಂಡನ್ನಿನಲ್ಲಿ ಫ್ರಾಯ್ಡನ ಮನೆಯನ್ನು ನೋಡಿ ಬಂದೆ, ಮ್ಯಾರ್ಸ್‌ಫೀಲ್ಡ್ ಗಾರ್ಡನ್ಸ್‌ನಲ್ಲಿ 20ನೆಯ ನಂಬರಿನದು. ರೋಗಿಗಳು ಮಲಗಿ ಮಾತಾಡುತ್ತಿದ್ದ, ಪರ್ಷಿಯಾದ ಜಮಖಾನ ಹೊದಿಸಿದ ಆ ಮಂಚಕ್ಕಿಂತ ಹೆಚ್ಚು ಹೊತ್ತು ನಾನು ಯೋಚಿಸುತ್ತಾ ನಿಂತದ್ದು ಕಲ್ಕತ್ತೆಯ ದಂತದ ವಿಷ್ಣುವನ್ನು ಕುರಿತು. ಅಲ್ಲಿನ ವಿಶ್ವವಿದ್ಯಾಲಯದ ಗಿರೀಂದ್ರಶೇಖರ್ ಬೋಸ್ ಮತ್ತು ಅವರು 1922ರಲ್ಲಿ ಕಟ್ಟಿದ ಮನೋವಿಶ್ಲೇಷಣಾ ಸಂಘದವರು ಫ್ರಾಯ್ಡನಿಗೆ 75 ತುಂಬಿದ 1931ರಲ್ಲಿ ಕಳಿಸಿದ ಕಾಣಿಕೆ ಅದು. ಕೆಲ ಕಾಲಕ್ಕೇ ಅದರಲ್ಲಿ ಬಿರುಕು ಕಾಣಿಸಿಕೊಂಡಾಗ, ಕಲ್ಕತ್ತೆಗೆ ಒಗ್ಗಿದ ದೇವರಿಗೆ ವಿಯೆನ್ನಾದ ಹವೆ ಹಿಡಿಸಲಿಲ್ಲವೇನೋ ಎಂದು ಫ್ರಾಯ್ಡ್ ಬರೆದಿಟ್ಟನಂತೆ. ನಿನಗೆ ತೋರಿಸಬೇಕೆನ್ನಿಸಿತು.

ಜುಲೈ ಮೊದಲ ವಾರ ಬರುತ್ತೇನೆ. ಮೊದಲು ಊರಿಗೆ ಹೋಗಿ ಅಪ್ಪನ ಜೊತೆ ನಾಲ್ಕು ದಿನ ಇದ್ದು ಆಮೇಲೆ ಮೈಸೂರು. ಪ್ರಬಂಧವನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಡುತ್ತೇನೆಂದು ವಿಭಾಗಕ್ಕೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಸಂಜೆ ಐದೂವರೆಗೆ ಏರಿಯ ಮೇಲೆ ಅದೇ ಕಲ್ಲಿನ ಹತ್ತಿರ ಸಿಗು. ನೀನು ಹೇಳಬೇಕೆಂದಿಲ್ಲ, ಹೇಳಿದರೆ ಕತ್ತಲಾಗುವವರೆಗೂ ಬಾಯಿ ತೆರೆಯುವುದಿಲ್ಲ. ಹುರಿದ ಕಡಲೆಕಾಯಿ ನಾನು ತರುತ್ತೇನೆ. ಮಳೆಗಾಲವಲ್ಲವೇ, ಛತ್ರಿಯನ್ನು ನೀನೇ ತಾ.

ಇತಿ ನಿನ್ನ,
ಕೆರೆ ಏರಿಯ ಗೆಳೆಯ